ಎಪ್ಪತ್ಮೂರನೇ ಹಾಳೆ

ಆಗಸ್ಟ್ 4, ಸೋಮವಾರ

ಬೆಳಿಗ್ಗೆ ಬಸ್ಸಿನಲ್ಲಿ ಮುಂದಿನ ಸೀಟಿನ ಹುಡುಗನ ಬಿಳಿ ಕೋಟು. ಕೊರಳಪಟ್ಟಿಯ ಕೆಳಗೆ ಅಂಗಡಿಯ ಚೀಟಿ ಹಾಗೇ ನೇತಾಡುತ್ತಿತ್ತು — ಸೈಜು, ಬಟ್ಟೆ, ಬೆಲೆ. ಬೆನ್ನ ಮೇಲೆ ಮಡಿಕೆಯ ಗೆರೆಗಳು ಇನ್ನೂ ಹೋಗಿಲ್ಲ. ಹೇಳಲೋ ಬೇಡವೋ ಎಂದು ಆರು ಸ್ಟಾಪು ಯೋಚಿಸಿದೆ. ಹೇಳಲಿಲ್ಲ. ಇಳಿಯುವಾಗ ಹಿಂದಿದ್ದ ಅಜ್ಜಿಯೊಬ್ಬರು ಸಲೀಸಾಗಿ ಕಿತ್ತು ಅವನ ಕೈಗೇ ಕೊಟ್ಟರು. "ತಗೊಳ್ಳಿ ಡಾಕ್ಟ್ರೇ, ಬೆಲೆ ಎಲ್ಲರಿಗೂ ಗೊತ್ತಾಗೋದು ಬೇಡ." ಅವನ ಕಿವಿ ಕೆಂಪಾಯಿತು. ನನ್ನದೂ.

ಮೆಡಿಕಲ್ ಕಾಲೇಜಿಗೆ ಸೇರಿ ಇವತ್ತಿಗೆ ಎರಡು ವಾರ. ಸಾಹಿತ್ಯ ಓದಿದವಳಿಗೆ ಅಲ್ಲೇನು ಕೆಲಸ ಎಂದು ಕೇಳದವರಿಲ್ಲ. ಓದುವ ಕೆಲಸವೇ. ಸಮುದಾಯ ಆರೋಗ್ಯ ವಿಭಾಗದ ಮೇಡಂ ಮೊದಲ ವರ್ಷದ ನೂರಿಪ್ಪತ್ತು ಮಕ್ಕಳಿಗೆ, ಒಂದು ಪಾಠವೂ ಶುರುವಾಗುವ ಮೊದಲು, ಒಂದೊಂದು ಹಾಳೆ ಕೊಟ್ಟು ಮೂರು ಪ್ರಶ್ನೆ ಕೇಳಿದ್ದಾರೆ. ಆರೋಗ್ಯ ಎಂದರೇನು? ನೀವು ಆರೋಗ್ಯವಾಗಿದ್ದೀರಾ? ನಿಮಗೆ ಹತ್ತಿರದಿಂದ ಗೊತ್ತಿರುವ ಒಬ್ಬ ರೋಗಿಯ ಬಗ್ಗೆ ಬರೆಯಿರಿ. ಹೆಸರಿಲ್ಲ, ನಂಬರು ಮಾತ್ರ. ವರ್ಷದ ಕೊನೆಗೆ ಅದೇ ಮಕ್ಕಳಿಗೆ ಅದೇ ಪ್ರಶ್ನೆ ಮತ್ತೆ. ನಡುವೆ ಅವರ ತಲೆಯಲ್ಲಿ ಏನು ಬದಲಾಯಿತು ಎಂದು ನೋಡುವುದು ಮೇಡಂ ಅವರ ಅಧ್ಯಯನ.

ನನ್ನ ಕೋಣೆಯ ಗೋಡೆಗೆ ಹಳೆಯ ಮರದ ಗೂಡುಗಳಿವೆ, ಹಿಂದೆ ಟಪಾಲು ಹಾಕುತ್ತಿದ್ದಂಥವು. ಹಾಳೆ ಓದಿ, ಟೈಪ್ ಮಾಡಿ, ಯಾವ ಉತ್ತರ ಯಾವ ಗೂಡಿಗೆ ಎಂದು ವಿಂಗಡಿಸಬೇಕು. ಇವೇ ಹಾಳೆಗಳ ಜೆರಾಕ್ಸ್ ಪಕ್ಕದ ಕೋಣೆಯಲ್ಲಿ ಲೆಕ್ಕದ ಮೇಷ್ಟ್ರ ಹತ್ತಿರ. ವಿಭಾಗದ ಅಂಕಿಅಂಶವೆಲ್ಲ ಅವರದು. ಅವರೂ ವಿಂಗಡಿಸುತ್ತಾರೆ. ಒಬ್ಬರದನ್ನೊಬ್ಬರು ನೋಡುವಂತಿಲ್ಲ. ಕೊನೆಗೆ ಹೋಲಿಸಿ, ಎಲ್ಲಿ ಬೇರೆಯಾಯಿತೋ ಅಲ್ಲಿ ಒಪ್ಪುವ ತನಕ ಜಗಳ ಆಡಬೇಕು.

"ಜಗಳ ಆಡೋದೂ ಕೆಲಸದ ಭಾಗ," ಎಂದಿದ್ದರು ಮೇಡಂ, ಸೇರಿದ ದಿನವೇ. ಅಂದಿನಿಂದ ಅದೊಂದೇ ಹೆದರಿಕೆ.

ಆಗಸ್ಟ್ 5, ಮಂಗಳವಾರ

ಇವತ್ತು ಮೂವತ್ತು ಹಾಳೆ ಮುಗಿಸಿದೆ. ಅಕ್ಷರಗಳು ನೋಡುವಂತಿವೆ. ಈಗಲೇ ಡಾಕ್ಟರರ ಅಕ್ಷರ ಅಭ್ಯಾಸ ಮಾಡುತ್ತಿರುವವರು ಮೂರು ಜನ.

ನಂಬರ್ 27: "ತನಗೊಂದು ಲಿವರ್ ಇದೆ ಎಂಬುದನ್ನು ಮರೆತವನೇ ಆರೋಗ್ಯವಂತ."

ನಂಬರ್ 8: "ನಮ್ಮ ಅಜ್ಜನಿಗೆ ಎಂಬತ್ತೆಂಟು. ಒಂದು ದಿನವೂ ಆಸ್ಪತ್ರೆಗೆ ಹೋಗಿಲ್ಲ. ಆದ್ದರಿಂದ ಅವರಿಗೆ ಏನೇನು ಕಾಯಿಲೆ ಇದೆಯೋ ಯಾರಿಗೂ ಗೊತ್ತಿಲ್ಲ."

ನಂಬರ್ 66, ನೀವು ಆರೋಗ್ಯವಾಗಿದ್ದೀರಾ ಎಂಬುದಕ್ಕೆ: "ಇದ್ದೆ. ನಿನ್ನೆ ಅಣ್ಣನ ಪಠ್ಯಪುಸ್ತಕ ತೆರೆಯುವವರೆಗೆ."

ನಕ್ಕೆ. ಕೋಣೆಯಲ್ಲಿ ಯಾರೂ ಇರಲಿಲ್ಲ, ಆದರೂ ಬಾಯಿಗೆ ಕೈ ಹೋಯಿತು.

ಅತಿ ಹೆಚ್ಚು ಬಂದ ಉತ್ತರ ಒಂದೇ. ಮಾತ್ರೆ ಬೇಕಾಗದವನೇ ಆರೋಗ್ಯವಂತ. ಬೇರೆ ಬೇರೆ ಮಾತಿನಲ್ಲಿ, ಆದರೆ ಅದೇ. ಆ ಗೂಡು ಆಗಲೇ ಉಬ್ಬಿಕೊಂಡಿದೆ. ಓದಿದಷ್ಟು ಸಲವೂ ಹೌದಲ್ಲ ಎಂದುಕೊಂಡೆ. ಹದಿನೆಂಟು ವರ್ಷದ ಮಕ್ಕಳು, ಎಷ್ಟು ಸಲೀಸಾಗಿ ಗೆರೆ ಎಳೆದುಬಿಡುತ್ತವೆ. ಗೆರೆಯ ಆಚೆ ನಾನು.

ಬೆಳಿಗ್ಗೆ ಒಂದು, ಸಂಜೆ ಒಂದು. ಹನ್ನೆರಡು ವರ್ಷದಿಂದ. ಮಾತ್ರೆಗಳು ವಿಟಮಿನ್ ಡಬ್ಬಿಯಲ್ಲಿರುತ್ತವೆ. ಅಮ್ಮನ ಏರ್ಪಾಡು. ಯಾರಾದರೂ ಕೇಳಿದರೆ ರಕ್ತ ಕಮ್ಮಿ ಎನ್ನಬೇಕು. ಮನೆಯಲ್ಲಿ ನಾವೂ ಅದರ ಹೆಸರು ಹೇಳುವುದಿಲ್ಲ, "ಆ ವಿಷಯ" ಎನ್ನುತ್ತೇವೆ. ಇಲ್ಲಾದರೂ ಬರೆಯಬಹುದು. ಮೂರ್ಛೆ ರೋಗ. ಫಿಟ್ಸ್. ಹನ್ನೆರಡರಲ್ಲಿ ಶುರುವಾಯಿತು, ಕೊನೆಯದು ಬಂದು ನಾಲ್ಕು ವರ್ಷ. ಶಾಲೆಯಲ್ಲಿ ಒಂದು ಸಲ ತರಗತಿಯಲ್ಲೇ ಬಿದ್ದೆ. ಮಾರನೇ ದಿನ ನನ್ನ ಬೆಂಚಿನಲ್ಲಿ ನಾನೊಬ್ಬಳೇ. ಮುಂದಿನ ಬೆಂಚೂ ಖಾಲಿ, ಹಿಂದಿನದೂ ಖಾಲಿ. ಆ ತಿಂಗಳೇ ಅಮ್ಮ ಶಾಲೆ ಬದಲಾಯಿಸಿದಳು. ಆಮೇಲೆ ಯಾರಿಗೂ ಹೇಳಿಲ್ಲ. ಇಲ್ಲಿಯೂ.

ಆಗಸ್ಟ್ 8, ಶುಕ್ರವಾರ

ಅಟೆಂಡರಣ್ಣ ನನ್ನ ಮೇಜನ್ನು ಫ್ಯಾನಿನ ಕೆಳಗೆ ಎಳೆದು ಹಾಕಿದ್ದಾರೆ. ಕೇಳಿರಲಿಲ್ಲ. ಕೇಳುವವಳೂ ಅಲ್ಲ. "ಕವಯಿತ್ರಿಗಳಿಗೆ ಬೆವರು ಬರಬಾರದು, ಇಂಕು ಕದಡುತ್ತೆ," ಎಂದರು. ನಾನು ಒಂದು ಸಾಲೂ ಕವಿತೆ ಬರೆದವಳಲ್ಲ. ನನ್ನ ಓದು ಸಾಹಿತ್ಯ ಎಂದು ತಿಳಿದ ದಿನದಿಂದ ಅದೇ ಹೆಸರು.

ಇಪ್ಪತ್ತಾರು ವರ್ಷದ ಸರ್ವಿಸು. ಹೊಸ ಮಕ್ಕಳ ವಿಚಾರದಲ್ಲಿ ಅವರ ಮಾತೇ ಕೊನೆ.

"ನೋಡ್ತಿರಿ. ಎರಡನೇ ವಾರಕ್ಕೆ ಎಲ್ಲರಿಗೂ ಗುಂಡಿಗೆ ತೊಂದರೆ. ಒಂದು ತಿಂಗಳಿಗೆ ಮೆದುಳಲ್ಲಿ ಗಡ್ಡೆ. ಪರೀಕ್ಷೆ ಹತ್ತಿರ ಬಂದ ಕೂಡ್ಲೇ ಎಲ್ಲ ವಾಸಿ."

"ಯಾಕಣ್ಣ ಹಾಗೆ?"

"ಕಾಯಿಲೆಗೆಲ್ಲಿ ಪುರುಸೊತ್ತು ಆಗ?"

ಮಧ್ಯಾಹ್ನ ನಿಜಕ್ಕೂ ಒಬ್ಬ ಮೆಟ್ಟಿಲ ಮೇಲೆ ಕೂತು ತನ್ನ ನಾಡಿ ತಾನೇ ಹಿಡಿದುಕೊಂಡಿದ್ದ. ತುಟಿ ಅಲ್ಲಾಡುತ್ತಿತ್ತು. ನನ್ನನ್ನು ಕಂಡು ಗಡಿಯಾರ ಸರಿಮಾಡಿಕೊಳ್ಳುವವನಂತೆ ನಟಿಸಿದ. ಪಾಪ, ಕೈಯಲ್ಲಿ ಗಡಿಯಾರವೇ ಇರಲಿಲ್ಲ.

ಆಗಸ್ಟ್ 12, ಮಂಗಳವಾರ

ಯಾವ ನಂಬರು ಯಾರದು ಎಂಬ ಪಟ್ಟಿ ಮೇಡಂ ಹತ್ತಿರ ಮಾತ್ರ ಇದೆ. ಹಾಳೆ ಬರೆದವರಲ್ಲಿ ಇಪ್ಪತ್ತು ಜನರನ್ನು ಅವರು ಕರೆದು ಮಾತಾಡಿಸುತ್ತಾರೆ. ರೆಕಾರ್ಡರ್ ನೋಡಿಕೊಳ್ಳುವುದು ನನ್ನ ಪಾಲು. ನಿಯಮ ಕಟ್ಟುನಿಟ್ಟು. ಅವರು ಏನೇ ಹೇಳಲಿ, ನಾವು ಸರಿ ತಪ್ಪು ಎನ್ನಬಾರದು, ತಲೆಯನ್ನೂ ಆಡಿಸಬಾರದು. ವರ್ಷದ ಕೊನೆಯ ಸುತ್ತು ಮುಗಿಯುವವರೆಗೆ ನಾವಾಗಿ ಏನನ್ನೂ ಕಲಿಸಬಾರದು. ಕಲಿಸಿದರೆ ಬದಲಾದದ್ದು ಓದಿನಿಂದಲೋ ನಮ್ಮಿಂದಲೋ ಗೊತ್ತಾಗುವುದಿಲ್ಲ.

ಇವತ್ತಿನ ಮೂರನೆಯವಳು ನಂಬರ್ 73. ದಪ್ಪ ಗಾಜಿನ ಕನ್ನಡಕ, ಸಣ್ಣ ದನಿ. ಹತ್ತಿರದಿಂದ ಗೊತ್ತಿರುವ ರೋಗಿ ಯಾರು ಎಂದಾಗ "ನಮ್ಮಕ್ಕ" ಎಂದಳು. "ಅಕ್ಕನಿಗೆ ಫಿಟ್ಸ್ ಬರುತ್ತೆ."

ನನ್ನ ಕಣ್ಣು ರೆಕಾರ್ಡರಿನ ಕೆಂಪು ದೀಪದ ಮೇಲೆ.

"ನಾನು ಒಂಬತ್ತನೇ ಕ್ಲಾಸು. ಮನೇಲಿ ನಾವಿಬ್ರೇ. ಅಕ್ಕ ಅಡುಗೆಮನೇಲಿ ಬಿದ್ಲು. ಬಾಯಿಗೆ ಚಮಚ ಇಡ್ಬೇಕು ಅಂತ ಯಾರೋ ಹೇಳಿದ್ದು ನೆನಪಿತ್ತು. ಇಟ್ಟೆ. ಹೋಗ್ಲಿಲ್ಲ. ಜೋರಾಗಿ ತುರುಕಿದೆ." ಕನ್ನಡಕ ಮೇಲೆ ಸರಿಸಿಕೊಂಡಳು. "ಮುಂದಿನ ಎರಡು ಹಲ್ಲು ಹೋಯ್ತು. ರಕ್ತ. ಅಕ್ಕ ಎದ್ದಮೇಲೆ ಏನೂ ಅನ್ಲಿಲ್ಲ. ಇವತ್ತಿಗೂ ಏನೂ ಅಂದಿಲ್ಲ. ಮೇಡಂ, ನಾನು ಮಾಡಿದ್ದು ತಪ್ಪಾ?"

ಮೇಡಂ ಪೆನ್ನು ಕೆಳಗಿಟ್ಟರು. "ಈಗ ಇಲ್ಲಿ ನಾವು ಸರಿ ತಪ್ಪು ನೋಡ್ತಿಲ್ಲ ಮಗು. ನಿನಗೆ ಏನನ್ನಿಸುತ್ತೆ ಅದನ್ನ ಹೇಳು."

"ನನ್ನ ಮೊದಲನೇ ರೋಗಿಗೇ ಗಾಯ ಮಾಡಿದೋಳು ನಾನು, ಅನ್ಸುತ್ತೆ."

ಮುಗಿದ ಮೇಲೆ ಕಾರಿಡಾರಿನಲ್ಲಿ ಕಾದಿದ್ದಳು. ಮೇಡಂ ಫೋನಿನಲ್ಲಿದ್ದರು. "ಮ್ಯಾಮ್," ಎಂದಳು ನನ್ನನ್ನು. ಯಾರೂ ಹಾಗೆ ಕರೆದದ್ದಿಲ್ಲ. "ನಿಮಗೆ ಗೊತ್ತಾ? ಹಾಗೆ ಬಿದ್ದವರಿಗೆ... ಆಮೇಲೆ ನಮ್ಮ ಮೇಲೆ ಕೋಪ ಇರುತ್ತಾ?"

"ನನಗೆ ಗೊತ್ತಿಲ್ಲ," ಎಂದೆ.

ನಿಯಮ ಇತ್ತು, ಹೌದು. ಆದರೆ ನಾನು ನಿಯಮಕ್ಕೆ ಹಾಗೆಂದದ್ದಲ್ಲ. ಈ ಇಡೀ ಕಟ್ಟಡದಲ್ಲಿ ಅದು ಗೊತ್ತಿರುವವಳು ಬಹುಶಃ ನಾನೊಬ್ಬಳೇ.

ಅದೇ ದಿನ, ಸಂಜೆ

ನನ್ನ ಮುಂದಿನ ಹಲ್ಲೊಂದು ಓರೆಯಾಗಿ ಮುರಿದಿದೆ. ಮೊದಲ ಸಲ ಬಿದ್ದಾಗ ಜೊತೆಗಿದ್ದವಳು ಚಿಕ್ಕಮ್ಮ. ಅವಳ ಕೈಯಲ್ಲೂ ಚಮಚವೇ. ಎಲ್ಲರಿಗೂ ಈ ಚಮಚದ ಉಪಾಯ ಹೇಳಿಕೊಡುವವರು ಯಾರೋ, ಒಂದು ಸಲ ನೋಡಬೇಕು.

ಆಗಸ್ಟ್ 21, ಗುರುವಾರ

ಇಷ್ಟು ದಿನ ಈ ಡೈರಿ ಮುಟ್ಟಲಿಲ್ಲ.

73ರ ಮಾತನ್ನು ಟೈಪ್ ಮಾಡಿದೆ. ಏಳು ನಿಮಿಷದ ರೆಕಾರ್ಡಿಂಗ್‌ಗೆ ಒಂದೂವರೆ ದಿನ ಹಿಡಿಯಿತು. ಉಸಿರು, ತೊದಲು, ಮೌನ ಎಲ್ಲ ಹಾಕಬೇಕು, ಸೆಕೆಂಡು ಸಮೇತ. "ಏನೂ ಅಂದಿಲ್ಲ" ಆದಮೇಲೆ ಹನ್ನೊಂದು ಸೆಕೆಂಡು ಮೌನ. ಕೋಣೆಯಲ್ಲಿ ಕೂತಿದ್ದಾಗ ಅಷ್ಟು ಉದ್ದ ಅನಿಸಿರಲಿಲ್ಲ.

ನೂರಿಪ್ಪತ್ತೂ ಹಾಳೆ ಗೂಡು ಸೇರಿವೆ. ನಾಳೆ ಹೋಲಿಕೆ. ನಾಳೆ ಜಗಳ.

ಆಗಸ್ಟ್ 22, ಶುಕ್ರವಾರ

ಜಗಳ ಆಡಿದೆ. ನಾನು.

ಮೇಡಂ ಕೋಣೆಯಲ್ಲಿ ಮೂವರೂ ಕೂತೆವು. ಲೆಕ್ಕದ ಮೇಷ್ಟ್ರು ಮುಂದಿನ ವರ್ಷ ನಿವೃತ್ತರಾಗುವವರು. ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿಕೊಂಡು ನಿಧಾನಕ್ಕೆ ಶುರುಮಾಡಿದರು. "ಎರಡನೇ ಪ್ರಶ್ನೆ. ನೂರಿಪ್ಪತ್ತರಲ್ಲಿ ಹದಿಮೂರು ಕಡೆ ನಮ್ಮಿಬ್ಬರ ಗೂಡು ಬೇರೆ. ಪರವಾಗಿಲ್ಲ ಮೇಡಂ, ಹುಡುಗಿ ಚೆನ್ನಾಗಿ ಓದ್ತಾಳೆ. ಆದ್ರೆ ಈ ಹತ್ತೊಂಬತ್ತನೇ ಹಾಳೆ ನೋಡಿ."

ಓದಿದರು. "ಆರನೇ ವಯಸ್ಸಿನಿಂದ ಅಸ್ತಮಾ ಇದೆ. ದಿನಕ್ಕೆ ಎರಡು ಸಲ ಇನ್‌ಹೇಲರ್. ಫುಟ್‌ಬಾಲ್ ಆಡುತ್ತೇನೆ. ನಾನು ಆರೋಗ್ಯವಾಗಿದ್ದೇನೆ." ಮೇಷ್ಟ್ರು ಅದನ್ನು ಆರೋಗ್ಯವಾಗಿರುವವರ ಗೂಡಿಗೆ ಹಾಕಿದ್ದರು. ನಾನು ಇಲ್ಲದವರ ಗೂಡಿಗೆ.

"ಯಾಕಮ್ಮ?"

"ದಿನಾ ಔಷಧಿ ತಗೋತಾರಲ್ಲ ಸರ್."

"ತಗೋತಾನೆ. ಆರೋಗ್ಯವಾಗಿದೀನಿ ಅಂತಾನೂ ಬರೆದಿದ್ದಾನೆ. ಬರೆದವರ ಮಾತಿನ ಪ್ರಕಾರ ಹಾಕ್ಬೇಕು ಅಂತ ತಾನೇ ನಮ್ಮ ಒಪ್ಪಂದ?"

"ಅವರು ಹಾಗೆ ಅಂದ್ಕೊಂಡಿದ್ದಾರೆ ಅಷ್ಟೇ ಸರ್."

"ಅಂದ್ಕೊಳ್ಳೋದಕ್ಕೂ ನಿನ್ನ ಪರ್ಮಿಶನ್ ಬೇಕೇನಮ್ಮ?"

"ಒಂದು ದಿನ ಔಷಧಿ ಬಿಡ್ಲಿ," ಎಂದೆ. "ಒಂದೇ ದಿನ. ಆಮೇಲೆ ಬರೀಲಿ ಆರೋಗ್ಯವಾಗಿದೀನಿ ಅಂತ."

ದನಿ ಏರಿತ್ತು. ನನ್ನದೇ ಎಂದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಟೀ ತಂದ ಅಟೆಂಡರಣ್ಣ ಬಾಗಿಲಲ್ಲೇ ನಿಂತುಬಿಟ್ಟಿದ್ದರು, ತಟ್ಟೆ ಹಿಡಿದುಕೊಂಡು.

ಮೇಷ್ಟ್ರು ಕೋಪಿಸಿಕೊಳ್ಳಲಿಲ್ಲ. ಹದಿಮೂರೂ ಹಾಳೆಗಳನ್ನು ಇಸ್ಪೀಟೆಲೆ ಹರಡಿದ ಹಾಗೆ ಮೇಜಿನ ಮೇಲೆ ಹರಡಿದರು. "ಇದರಲ್ಲಿ ನಾಲ್ಕು ಅಲ್ಲೊಂದು ಇಲ್ಲೊಂದು. ನನ್ನದೂ ತಪ್ಪಿರಬಹುದು. ಉಳಿದ ಒಂಬತ್ತು ನೋಡು. ಅಸ್ತಮಾ, ಥೈರಾಯ್ಡ್, ಅರೆತಲೆನೋವು, ಹುಟ್ಟಿದಾಗಲೇ ಹೃದಯದ ಆಪರೇಷನ್ ಆದವನು... ಒಂಬತ್ತೂ ಜನ ಆರೋಗ್ಯವಾಗಿದೀವಿ ಅಂದಿದ್ದಾರೆ, ಒಂಬತ್ತೂ ಜನರನ್ನ ನೀನು ಆಚೆ ಹಾಕಿದೀಯ. ಕಣ್ತಪ್ಪು ಆದ್ರೆ ಎಲ್ಲ ಕಡೆ ಚೆಲ್ಲಿರುತ್ತೆ. ಹೀಗೆ ಒಂದೇ ಕಡೆ ವಾಲಿದ್ರೆ ಅದು ಕಣ್ತಪ್ಪಲ್ಲಮ್ಮ. ನಂಬಿಕೆ."

ನಾನು ಒಂಬತ್ತು ಹಾಳೆಗಳನ್ನೂ ಒಂದೊಂದಾಗಿ ನೋಡಿದೆ. ಮೇಷ್ಟ್ರು ಮುಂದುವರಿಸಿದರು.

"ನನಗೆ ಇಪ್ಪತ್ತೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಬೆಳಿಗ್ಗೆ ಹೊಟ್ಟೆಗೆ ಸೂಜಿ ಚುಚ್ಕೊಂಡು, ತಿಂಡಿ ತಿಂದು, ಎರಡು ಬಸ್ಸು ಬದಲಾಯಿಸಿ, ನಿನ್ನ ಹತ್ರ ಜಗಳ ಆಡೋಕೆ ಬಂದಿದೀನಿ. ಹೇಳು, ನನ್ನನ್ನ ಯಾವ ಗೂಡಿಗೆ ಹಾಕ್ತೀಯ?"

ಅವರ ಮುಖ ನೋಡಿದೆ. ಶರ್ಟಿನ ಜೇಬಿನಲ್ಲಿ ಮೂರು ಪೆನ್ನು, ಬಿಸಿನೀರಿನ ಆವಿಗೆ ಮಸುಕಾದ ಕನ್ನಡಕ. ರೋಗಿ ಎನ್ನಲು ಬಾಯಿ ಬರಲಿಲ್ಲ.

"ನೀವು ಚೆನ್ನಾಗಿದೀರ ಸರ್."

"ಮತ್ತೆ ಆ ಫುಟ್‌ಬಾಲ್ ಆಡೋನು ಏನು ಪಾಪ ಮಾಡಿದ?"

ಅಟೆಂಡರಣ್ಣ ನಕ್ಕುಬಿಟ್ಟರು. ಮೇಡಂ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದರು. "ಇವತ್ತಿಗೆ ಸಾಕು," ಎಂದರು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ. ಒಂಬತ್ತು ಜನರನ್ನು, ಅವರೇ ಬೇಡ ಬೇಡ ಎನ್ನುತ್ತಿದ್ದರೂ, ಕೈಹಿಡಿದು ನನ್ನ ಬೆಂಚಿಗೆ ಎಳೆದು ತಂದು ಕೂರಿಸಿಕೊಂಡಿದ್ದೆ.

ಆಗಸ್ಟ್ 25, ಸೋಮವಾರ

ಮೇಡಂಗೆ ಹೇಳಿದೆ.

ಶನಿವಾರ ಭಾನುವಾರ ಎರಡೂ ದಿನ ಮನಸ್ಸಿನಲ್ಲಿ ವಾಕ್ಯ ಜೋಡಿಸಿದ್ದೆ. ಒಳಗೆ ಹೋದ ಮೇಲೆ ಒಂದೂ ನೆನಪಿರಲಿಲ್ಲ. "ನನಗೆ ಫಿಟ್ಸ್ ಇದೆ ಮೇಡಂ, ಕೆಲಸಕ್ಕೆ ಸೇರುವಾಗ ಹೇಳಿರಲಿಲ್ಲ," ಎಂದು ನೆಲ ನೋಡಿಕೊಂಡು ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಕೆಲಸ ಹೋಯಿತು ಎಂದೇ ಲೆಕ್ಕ.

ಮೇಡಂ ಕನ್ನಡಕ ಒರೆಸುತ್ತಿದ್ದರು. ಒರೆಸುವುದನ್ನು ನಿಲ್ಲಿಸಲಿಲ್ಲ. "ಯಾವ ಮಾತ್ರೆ?"

ಹೇಳಿದೆ.

"ತಪ್ಪಿಸದೆ ತಗೋತೀಯಾ?"

"ಹೂಂ."

"ಕೂತ್ಕೋ. ಇಲ್ಲಿ ಕೆಲಸದಲ್ಲಿದ್ದಾಗ ಬಂದ್ರೆ ನಾನೇನು ಮಾಡ್ಬೇಕು, ಹೇಳು."

ಅವರು ಡಾಕ್ಟರು. ಮೂವತ್ತು ವರ್ಷದಿಂದ ಪಾಠ ಮಾಡುತ್ತಿರುವವರು. ಆದರೂ ಪೆನ್ನು ತೆಗೆದುಕೊಂಡು ಬರೆದುಕೊಂಡರು, ನಾನು ಹೇಳಿದ ಹಾಗೆ. ಪಕ್ಕಕ್ಕೆ ಹೊರಳಿಸಿ. ತಲೆ ಕೆಳಗೆ ಮೆತ್ತಗಿನದು ಏನಾದರೂ ಇಡಿ. ಕೈಕಾಲು ಅದುಮಿ ಹಿಡಿಯಬೇಡಿ. ಬಾಯಿಗೆ ಏನೂ ಹಾಕಬೇಡಿ. ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ.

"ಎದ್ದಮೇಲೆ?"

ಇದನ್ನು ಯಾರೂ ಕೇಳಿದ್ದಿಲ್ಲ. ಯೋಚಿಸಬೇಕಾಯಿತು. "ಎದ್ದಮೇಲೆ ಎಲ್ಲರೂ ಸುತ್ತ ನಿಂತು ನೋಡ್ತಿರಬಾರದು ಮೇಡಂ. ಒಬ್ಬರು ಇದ್ರೆ ಸಾಕು. ಗುರುತಿರೋರು."

ಅದನ್ನೂ ಬರೆದುಕೊಂಡರು. ಹಾಳೆಯನ್ನು ಮಡಿಸಿ ಡ್ರಾಯರಿನಲ್ಲಿ ಮೇಲೆಯೇ ಇಟ್ಟರು. "ಸರಿ. ಆ ಒಂಬತ್ತು ಹಾಳೆ ನೀನೇ ಇನ್ನೊಂದು ಸಲ ಓದು. ಮೇಷ್ಟ್ರು ಹೇಳಿದ್ರು ಅಂತ ಬದಲಾಯಿಸ್ಬೇಡ. ನಿನಗೆ ಒಪ್ಪಿಗೆಯಾದ್ರೆ ಬದಲಾಯಿಸು."

ಓದಿದೆ. ಇದು ಬರೆದವರ ಉತ್ತರ, ನನ್ನದಲ್ಲ ಎಂದು ಪ್ರತಿಯೊಂದಕ್ಕೂ ಮೊದಲು ನನಗೇ ಹೇಳಿಕೊಂಡು ಓದಿದೆ. ಒಂಬತ್ತನ್ನೂ ಬದಲಾಯಿಸಿದೆ. ಕೊನೆಯದಕ್ಕೆ ಮಾತ್ರ ಸ್ವಲ್ಪ ಹೊತ್ತು ಹಿಡಿಯಿತು.

ಇಂಥವರ ಕೈಕೆಳಗೆ ಕೆಲಸ ಸಿಕ್ಕಿತಲ್ಲ. ಗಾಬರಿಯೂ ಇಲ್ಲ, ಕನಿಕರವೂ ಇಲ್ಲ. ಯಾವ ಮಾತ್ರೆ ಎಂದು ಕೇಳಿದರು, ಅಷ್ಟೇ. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ದುಃಖಕ್ಕಲ್ಲ.

ಆಗಸ್ಟ್ 31, ಭಾನುವಾರ

ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಒಬ್ಬಳೇ. ಆಫೀಸುಗಳಿಗೆ ಪರದೆ ಹೊಲಿದು ಕೊಡುತ್ತಾಳೆ, ಮನೆಯ ತುಂಬ ನೀಲಿ ಬಟ್ಟೆ. ನನ್ನನ್ನು ಕಂಡವಳೇ ಗಾಬರಿಯಾದಳು. "ಅಮ್ಮ ಎಲ್ಲಿ? ಒಬ್ಳೇ ಬಂದ್ಯಾ? ಏನಾಯ್ತು?"

"ಏನೂ ಆಗಿಲ್ಲ. ಸುಮ್ನೆ ಬಂದೆ."

"ಸುಮ್ನೆ ಬರೋ ಪೈಕಿನಾ ನೀನು?"

ನಿಜ. ಹನ್ನೆರಡು ವರ್ಷದಲ್ಲಿ ನಾವಿಬ್ಬರೇ ಒಂದು ಕೋಣೆಯಲ್ಲಿ ಕೂತದ್ದೇ ಇಲ್ಲ. ಅವಳು ನಮ್ಮ ಮನೆಗೆ ಬಂದರೆ ಅಮ್ಮನ ಜೊತೆ ಅಡುಗೆಮನೆಯಲ್ಲೇ ಮಾತು ಮುಗಿಸಿ ಹೊರಡುತ್ತಾಳೆ. ನನ್ನನ್ನು ಕಂಡರೆ ಆಗುವುದಿಲ್ಲ ಎಂದೇ ಅಂದುಕೊಂಡಿದ್ದೆ. ಬಿದ್ದದ್ದನ್ನು ಕಣ್ಣಾರೆ ಕಂಡವಳು, ಹೆದರಿದ್ದಾಳೆ ಎಂದುಕೊಂಡಿದ್ದೆ.

ಹೊಲಿಗೆ ಯಂತ್ರದ ಮುಂದೆ ಕೂತು ಮತ್ತೆ ಹೊಲಿಯತೊಡಗಿದಳು. ನಾನು ಬಟ್ಟೆಯ ತುದಿ ಹಿಡಿದುಕೊಂಡೆ. ಎದುರುಬದುರು ಮುಖ ನೋಡುವ ಹಾಗಿಲ್ಲದಿದ್ದಾಗ ನನಗೆ ಮಾತು ಸುಲಭ.

"ಚಿಕ್ಕಮ್ಮ, ಅವತ್ತು ನಾನು ಬಿದ್ದಾಗ ನಿನಗೆ ಏನನ್ನಿಸ್ತು?"

ಯಂತ್ರ ನಿಂತಿತು.

"ಏನನ್ನಿಸುತ್ತೆ? ಸತ್ತೇಹೋದ್ಯೇನೋ ಅಂತ." ಬಟ್ಟೆ ಸರಿಮಾಡಿಕೊಂಡು, "ಆಮೇಲೆ ಹಲ್ಲು ನೋಡ್ದೆ. ನಿನ್ನ ನಗು ಹಾಳು ಮಾಡ್ದೋಳು ನಾನು ಕಣೇ. ಫೋಟೋದಲ್ಲೆಲ್ಲ ಬಾಯಿ ಮುಚ್ಕೊಂಡು ನಿಂತಿರ್ತೀಯ. ಯಾವ ಮುಖ ಇಟ್ಕೊಂಡು ನಿನ್ನ ಹತ್ರ ಬಂದು ಕೂತ್ಕೊಳ್ಲಿ?"

ಹನ್ನೆರಡು ವರ್ಷ. ಅವಳು ಅಡುಗೆಮನೆಯಲ್ಲಿ, ನಾನು ಈಚೆ ಕೋಣೆಯಲ್ಲಿ. ನಡುವೆ ಒಂದು ಗೋಡೆ, ಅದರ ಎರಡೂ ಕಡೆ ಒಂದೇ ಯೋಚನೆ.

"ನನಗೆ ಚಮಚ ನೆನಪೇ ಇಲ್ಲ ಚಿಕ್ಕಮ್ಮ," ಎಂದೆ. "ಬಿದ್ದಾಗಿನದು ಒಂದೂ ಗೊತ್ತಿರಲ್ಲ. ಎದ್ದಾಗಿನದು ಗೊತ್ತು. ಕಣ್ಣು ಬಿಟ್ಟಾಗ ನಾನು ಯಾರು, ಎಲ್ಲಿದೀನಿ ಒಂದೂ ಹೊಳೀಲಿಲ್ಲ. ನಿನ್ನ ಮುಖ ಇತ್ತು. ನನ್ನ ತಲೆ ನಿನ್ನ ತೊಡೆ ಮೇಲೆ. ನಿನ್ನ ಬೆರಳಲ್ಲಿ ರಕ್ತ ಬರ್ತಿತ್ತು, ನಾನೇ ಕಚ್ಚಿರ್ಬೇಕು. ನೀನು ಅದನ್ನ ನೋಡ್ಕೋತಾನೇ ಇರ್ಲಿಲ್ಲ."

"ಹಲ್ಲು ಮುರಿದೋಳಿಗೆ ಇದೊಂದು ಸನ್ಮಾನ ಬೇರೆ," ಎಂದಳು.

"ಶಾಲೇಲಿ ಬಿದ್ದಾಗ ಎಲ್ಲರೂ ಓಡಿ ಹೋದ್ರು. ಅವರು ನನ್ನ ಹಲ್ಲು ಮುರೀಲಿಲ್ಲ. ನೀನು ಓಡ್ಲಿಲ್ಲ. ಇಷ್ಟು ವರ್ಷ ಅದನ್ನ ನಿನಗೆ ಹೇಳ್ಬೇಕು ಅಂತ ಹೊಳೀಲೇ ಇಲ್ಲ."

ಅವಳು ಸೂಜಿಗೆ ದಾರ ಪೋಣಿಸಲು ಹೋಗಿ ನಾಲ್ಕು ಸಲ ತಪ್ಪಿಸಿದಳು. ಕೊನೆಗೆ ನಾನೇ ಪೋಣಿಸಿಕೊಟ್ಟೆ. ಆಮೇಲೆ ಕೂತು ಮೂರು ಪರದೆ ಮುಗಿಸಿದೆವು. ಹೊರಡುವಾಗ ಬಸ್‌ಸ್ಟಾಪಿನ ತನಕ ಬಂದಳು, ದಾರಿಯುದ್ದಕ್ಕೂ ಆಫೀಸಿನವರು ಅಳತೆ ತಪ್ಪು ಕೊಟ್ಟು ತನ್ನ ಮೇಲೆ ರೇಗಿದ ಕಥೆ.

ರಾತ್ರಿ ಊಟ ಬಡಿಸುವಾಗ ಅಮ್ಮನಿಗೆ ಎಲ್ಲ ಹೇಳಿದೆ. ಮೇಡಂ, ಚಿಕ್ಕಮ್ಮ, ಎರಡೂ. ಅಮ್ಮನ ಕೈ ಅಲ್ಲೇ ನಿಂತಿತು.

"ಎಲ್ಲರೂ ನಿಮ್ಮ ಮೇಡಂ ಅಲ್ಲ ಕಣೇ. ಗೊತ್ತಾದ್ರೆ ಬೆಂಚು ಖಾಲಿ ಮಾಡ್ತಾರೆ. ನಾನು ನೋಡಿದೀನಿ."

"ನಾನೂ ನೋಡಿದೀನಮ್ಮ. ನಾನೇ ಅಲ್ವಾ ಕೂತಿದ್ದೋಳು."

ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ. ಪಾತ್ರೆ ತೊಳೆದು ಬಂದು, "ಮಾತ್ರೆ ತಗೊಂಡ್ಯಾ?" ಎಂದು ಮಾತ್ರ ಕೇಳಿದಳು. ಹನ್ನೆರಡು ವರ್ಷದಲ್ಲಿ ಒಂದು ಸಂಜೆಯೂ ಕೇಳುವುದನ್ನು ಮರೆತಿಲ್ಲ. ಅಡಗಿಸಿದ್ದೂ ಅವಳೇ, ಕಾಪಾಡಿದ್ದೂ ಅವಳೇ.

ಸೆಪ್ಟೆಂಬರ್ 2, ಮಂಗಳವಾರ

ಅಟೆಂಡರಣ್ಣ ಫೈಲು ಕೊಡಲು ಬಂದವರು ಹೇಳಿದರು. "ಆ ದಪ್ಪ ಕನ್ನಡಕದ ಹುಡುಗಿ ಗೊತ್ತಾ ಕವಯಿತ್ರಿ, ನಿಮ್ಮ ರೆಕಾರ್ಡಿಂಗ್‌ಗೆ ಬಂದಿದ್ದೋಳು? ಆಫೀಸಲ್ಲಿ ಸರ್ಟಿಫಿಕೇಟ್ ವಾಪಸ್ ಕೇಳ್ತಿದ್ದಾಳೆ. ಸೀಟು ಬಿಡ್ತಾಳಂತೆ. ಗುಮಾಸ್ತರು ಶುಕ್ರವಾರ ಬಾ ಅಂದಿದ್ದಾರೆ. ಪ್ರತಿ ವರ್ಷ ಒಬ್ಬಿಬ್ಬರು ಇರ್ತಾರೆ, ಹೆಣ ನೋಡಿ ಹೆದರಿರ್ತಾರೆ."

ಹೆಣ ನೋಡಿ ಅಲ್ಲ.

ಮೇಡಂ ಹತ್ತಿರ ಓಡಿದೆ. ಅವರಿಗೂ ಗೊತ್ತಾಗಿತ್ತು. ಆಗಲೇ ಕರೆಸಿ ಮಾತಾಡಿದ್ದರು. "ಕಾರಣ ಕೇಳಿದೆ, ಮನೆ ಕಡೆ ತೊಂದರೆ ಅಂದ್ಲು. ಅವತ್ತು ನಾನು ನಿಯಮ ಹಿಡ್ಕೊಂಡು ಕೂತಿದ್ದು ತಪ್ಪಾಯ್ತೇನೋ. ಚಮಚ ಇಡಬಾರದು, ಆದ್ರೆ ಹದಿನಾಲ್ಕು ವರ್ಷದ ಮಗುಗೆ ಅದು ಹೇಗೆ ಗೊತ್ತಿರುತ್ತೆ, ಅಂತ ಈಗ ಹೇಳಿದೆ. ತಲೆ ಆಡಿಸಿದ್ಲು. ಅವಳಿಗೆ ಬೇಕಾಗಿದ್ದು ಅದಲ್ಲ ಅನ್ನಿಸ್ತು." ನನ್ನ ಕಡೆ ನೋಡಿದರು. ನೀನು ಹೋಗು ಎನ್ನಲಿಲ್ಲ. ಎಂದೂ ಎನ್ನುವವರಲ್ಲ.

ಅವಳು ನನ್ನನ್ನು ಕೇಳಿದ್ದೇ ಬೇರೆ. ತಪ್ಪಾ ಎಂದಲ್ಲ. ನಮ್ಮ ಮೇಲೆ ಕೋಪ ಇರುತ್ತಾ ಎಂದು.

ಮಧ್ಯಾಹ್ನ ಮೇಷ್ಟ್ರ ಕೋಣೆಗೆ ಹೋದೆ. "ಸರ್, ನಾವು ಯಾರ ಹತ್ರನಾದ್ರೂ ಮಾತಾಡಿಬಿಟ್ರೆ... ಅಧ್ಯಯನಕ್ಕೆ ಏನಾಗುತ್ತೆ?"

"ಆ ಹಾಳೆ ಹೊರಗೆ ಹೋಗುತ್ತೆ. ಅದರ ಮೂರೂ ಉತ್ತರ ಬಿಟ್ಟು ಎಲ್ಲ ಪಟ್ಟಿ ಹೊಸದಾಗಿ ಹಾಕ್ಬೇಕಾಗುತ್ತೆ."

"ತುಂಬ ಕೆಲಸನಾ ಸರ್?"

"ಎರಡು ದಿನ." ಕನ್ನಡಕದ ಮೇಲಿಂದ ನೋಡಿದರು. "ಯಾವ ನಂಬರು?"

ಹೇಳಿದೆ.

ಸೆಪ್ಟೆಂಬರ್ 3, ಬುಧವಾರ, ಮಧ್ಯಾಹ್ನ 12.40

ಬೆಳಿಗ್ಗೆ ಬರುವಷ್ಟರಲ್ಲಿ ಮೇಷ್ಟ್ರ ಬೋರ್ಡಿನ ಮೇಲೆ ಒಟ್ಟು ನೂರ ಹತ್ತೊಂಬತ್ತು ಎಂದಿತ್ತು. ಕಾರಣ ಅವರು ಕೇಳಲಿಲ್ಲ. ಮೇಡಂ ಅದರ ಕೆಳಗೆ ಸಹಿ ಹಾಕಿದ್ದರು. ನಾನು ಗೂಡಿನಿಂದ 73ನ್ನು ತೆಗೆದು ಕವರಿನಲ್ಲಿ ಹಾಕಿ ಅಂಟಿಸಿದೆ. ಇನ್ನು ಅವಳು ನಂಬರಲ್ಲ. ಅವಳ ಹತ್ತಿರ ನಾನು ಏನು ಬೇಕಾದರೂ ಮಾತಾಡಬಹುದು.

ಅವಳ ಅಕ್ಕನಿಗೆ ಏನನ್ನಿಸುತ್ತದೆ ಎಂದು ನನಗೆ ಗೊತ್ತಿಲ್ಲ. ಅದನ್ನು ಅಕ್ಕನನ್ನೇ ಕೇಳಬೇಕು, ಕೇಳು ಎನ್ನುತ್ತೇನೆ. ಹನ್ನೆರಡು ವರ್ಷ ಕಾಯಬೇಡ ಎನ್ನುತ್ತೇನೆ. ನನಗೆ ಗೊತ್ತಿರುವುದು ಇಷ್ಟೇ, ಬಿದ್ದು ಎದ್ದವಳಿಗೆ ಕಣ್ಣು ಬಿಟ್ಟಾಗ ಮೊದಲು ಕಾಣುವುದು ಏನು ಎಂದು. ಅದು ಡಾಕ್ಟರರ ಯಾವ ಪುಸ್ತಕದಲ್ಲೂ ಇಲ್ಲ, ಹುಡುಕಿ ನೋಡಿದ್ದೇನೆ.

ನಿಮಗೆ ಹೇಗೆ ಗೊತ್ತು ಎಂದು ಕೇಳೇ ಕೇಳುತ್ತಾಳೆ. ಪಕ್ಕದಲ್ಲಿ ಅವಳ ಗೆಳತಿಯರೂ ಇರಬಹುದು. ಇರಲಿ. ರಕ್ತ ಕಮ್ಮಿ ಎನ್ನುವುದಿಲ್ಲ.

ಒಂದು ಗಂಟೆಗೆ ಅನಾಟಮಿ ಕ್ಲಾಸು ಬಿಡುತ್ತದೆ. ಕೆಳಗೆ ಹೋಗಿ ಬಾಗಿಲ ಹತ್ತಿರ ನಿಲ್ಲುತ್ತೇನೆ. ಮೊದಲು, ಅವತ್ತು ಗೊತ್ತಿಲ್ಲ ಎಂದದ್ದು ಸುಳ್ಳು ಎಂದು ಹೇಳಿ, ಆಮೇಲೆ — ಮೆಟ್ಟಿಲ ಮೇಲೆ ಸದ್ದು, ಇವತ್ತು ಬೇಗ ಬಿಟ್ಟರೆಂದು ಕಾಣುತ್ತದೆ, ನಾನು